ಹದಿನಾಲ್ಕನೆಯವನು

ನವೆಂಬರ್ 9

ಈ ಪುಸ್ತಕ ಮಾರ್ಲಿಸ್ ತಂದುಕೊಟ್ಟದ್ದು. "ನನ್ನ ಜೊತೆ ಮಾತಾಡಲ್ಲ, ಊರಿನವರ ಜೊತೆ ಮಾತಾಡಲ್ಲ. ಇದರ ಜೊತೆಗಾದ್ರೂ ಮಾತಾಡು ಮಾರಾಯ" ಎಂದು ಮೇಜಿನ ಮೇಲೆ ಕುಕ್ಕಿ ಹೋದಳು. ಕಟ್ಟಿಕೊಂಡ ಹೆಂಡತಿಯೇ ಹೀಗೆ ಹೇಳಿದ ಮೇಲೆ ಏನು ಮಾಡುವುದು? ಮೂವತ್ತೊಂದು ವರ್ಷ ಹಳ್ಳಿ ದಾರಿಯಲ್ಲಿ ಅಂಚೆ ಹಂಚಿದವನು ನಾನು. ಆ ಕೆಲಸಕ್ಕೆ ಬಾಯಿ ಬೇಕಿರಲಿಲ್ಲ. ಗಾಡಿಯ ಕಿಟಕಿಯಿಂದ ಕೈ ಚಾಚಿ ರಸ್ತೆ ಬದಿಯ ಡಬ್ಬಿಯೊಳಗೆ ಕಾಗದ ಇಟ್ಟು ಮುಂದಿನ ಡಬ್ಬಿಗೆ ಹೋದರಾಯಿತು. ಆರು ತಿಂಗಳ ಹಿಂದೆ ನಿವೃತ್ತನಾದೆ, ಈಗ ಆ ಡಬ್ಬಿಗಳೂ ಇಲ್ಲ.

ಇವತ್ತು ಬರೆಯಲು ಒಂದು ವಿಷಯ ಸಿಕ್ಕಿದೆ. ಮಾಜಿ ಸೈನಿಕರ ಸಭಾಂಗಣಕ್ಕೆ ಸೆನೆಟರ್ ಟೆಸ್ಮರ್ ಬಂದಿದ್ದರು. ಮೊಂಟಾನಾ ಕಡೆಯವರು, ಮೊದಲು ದನದ ಡಾಕ್ಟರಾಗಿದ್ದವರು. ಅಧ್ಯಕ್ಷ ಪದವಿಗೆ ನಮ್ಮ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳುತ್ತಿರುವ ಏಳು ಮಂದಿಯಲ್ಲಿ ಇವರದು ಏಳನೇ ಹೆಸರು. ಸಭೆಗೆ ಬಂದವರು ಒಂಬತ್ತು ಜನ, ಅದರಲ್ಲಿ ಇಬ್ಬರು ಸೇಬಿನ ಪೈ ತಿನ್ನಲು ಬಂದವರು.

ಆಯಮ್ಮ ಭಾಷಣ ಮಾಡಲಿಲ್ಲ. "ಈ ಕೌಂಟೀಲಿ ಹೆರಿಗೆ ವಾರ್ಡ್ ಮುಚ್ಚಿ ಐದು ವರ್ಷ ಆಯ್ತಂತೆ. ಆಮೇಲೆ ಏನಾಯ್ತು, ಯಾರಾದ್ರೂ ಹೇಳ್ತೀರಾ?" ಎಂದು ಕೇಳಿ ಕುರ್ಚಿ ಎಳೆದು ಕೂತರು. ಯಾರೂ ಬಾಯಿ ಬಿಡಲಿಲ್ಲ. ಹೇಗೋ ನಾನು ಬಿಟ್ಟೆ. ಈಗ ಹೆರಿಗೆಗೆ ಐವತ್ತೆಂಟು ಮೈಲಿ ಹೋಗಬೇಕು, ನಾಲ್ಕು ವರ್ಷದ ಹಿಂದೆ ಮಗಳು ಕಾರ್ಲಾ ಹೊರಟವಳು ಹನ್ನೆರಡನೇ ಮೈಲಿ ದಾಟಲಿಲ್ಲ, ನನ್ನ ಮೊಮ್ಮಗಳು ಟಿಲ್ಲಿ ರಸ್ತೆ ಬದಿ ಕಾರಿನಲ್ಲಿ ಹುಟ್ಟಿದಳು. ಹೇಳಿದ್ದು ಇಷ್ಟೇ. ಸೆನೆಟರ್ ಅದನ್ನು ಬರೆದುಕೊಂಡರು. ಇಷ್ಟು ವರ್ಷ ಬೇರೆಯವರ ಮಾತನ್ನು ಮನೆ ಮನೆಗೆ ಮುಟ್ಟಿಸಿದ್ದೇನೆ, ನನ್ನ ಮಾತನ್ನು ಒಬ್ಬರು ಬರೆದುಕೊಂಡಿದ್ದು ಇದೇ ಮೊದಲು.

ಹೊರಡುವಾಗ ಅವರ ಕಡೆಯ ಯೆಸೆನಿಯಾ ಎಂಬ ಹೆಂಗಸು ನನ್ನನ್ನು ಹಿಡಿದುಕೊಂಡಳು. ನ್ಯೂ ಮೆಕ್ಸಿಕೋದಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದವಳಂತೆ, ಐವತ್ತಾರು ವಯಸ್ಸು. "ಲೋವೆಲ್ ಅವರೇ, ನಿಮ್ಮ ಮತಗಟ್ಟೇಲಿ ನಮ್ಮವರು ನಿಲ್ಲೋ ಮೂಲೆ ನೀವೇ ನೋಡ್ಕೋಬೇಕು." ಆಗಲಿ ಎಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಮಾರ್ಲಿಸ್ ನಕ್ಕು ನಕ್ಕು ಸುಸ್ತಾದಳು. ಅವಳು ಮೂರು ತಿಂಗಳಿಂದ, ಅದೇ ಟಿಕೆಟ್ ಕೇಳುತ್ತಿರುವ ಗವರ್ನರ್ ಪ್ರೆಸ್ಕಾಟ್‌ರ ಮೂಲೆಯ ಮುಖಂಡಿ.

ನವೆಂಬರ್ 17

ಯೆಸೆನಿಯಾ ಅಡುಗೆಮನೆಯಲ್ಲಿ ಕೂತು ಲೆಕ್ಕ ಹೇಳಿಕೊಟ್ಟಳು. ನನಗೆ ಗೊತ್ತಿಲ್ಲದ್ದೇನಲ್ಲ. ಫೆಬ್ರವರಿ ಒಂದರ ಸಂಜೆ ಇಡೀ ಅಯೋವಾದಲ್ಲಿ ಕಾಕಸ್, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಊರೂರಲ್ಲಿ ಜನ ಸೇರಿ ಹೇಳುವ ಸಭೆ. ನಮ್ಮ ಭಾಗದ ಜನ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ಸೇರಬೇಕು. ಗುಟ್ಟಿನ ಚೀಟಿ ಇಲ್ಲ. ಟೆಸ್ಮರ್ ಬೇಕೆನ್ನುವವರು ಈ ಮೂಲೆ, ಪ್ರೆಸ್ಕಾಟ್ ಬೇಕೆನ್ನುವವರು ಆ ಮೂಲೆ, ಇಡೀ ಊರಿನ ಕಣ್ಣೆದುರಿಗೆ ಎದ್ದು ನಿಲ್ಲಬೇಕು. ಬಂದವರಲ್ಲಿ ನೂರಕ್ಕೆ ಹದಿನೈದರಷ್ಟು ಜನ ಇದ್ದರೆ ಮೂಲೆ ಉಳಿಯುತ್ತದೆ, ಒಬ್ಬ ಪ್ರತಿನಿಧಿ ಸಿಗುತ್ತಾನೆ. ಒಂದು ತಲೆ ಕಡಿಮೆಯಾದರೂ ಮೂಲೆ ಒಡೆದು ಜನ ಬೇರೆ ಮೂಲೆಗೆ ಹೋಗಬೇಕು.

ಇನ್ನೊಂದು ಮಾತು ಅವಳು ಎರಡು ಸಲ ಹೇಳಿದಳು. ಬಾಗಿಲು ಮುಚ್ಚಿದಾಗ ಎಷ್ಟು ತಲೆ ಇರುತ್ತದೋ ಅದರ ಮೇಲೆ ಲೆಕ್ಕ. ಆಮೇಲೆ ಯಾರಾದರೂ ಮನೆಗೆ ಹೋದರೆ ಬೇಕಾದ ಸಂಖ್ಯೆ ಇಳಿಯುವುದಿಲ್ಲ, ಇರುವ ಸಂಖ್ಯೆ ಇಳಿಯುತ್ತದೆ.

ಇದನ್ನು ನನಗೆ ಹೇಳಿಕೊಡಬೇಕೆ? ಎಂಟು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ನಮ್ಮ ಮೂಲೆಗೆ ಹದಿಮೂರು ಬೇಕಿತ್ತು, ಹದಿಮೂರೇ ಇದ್ದೆವು. ಎಣಿಕೆ ನಡೆಯುವಾಗ ಒಬ್ಬ ಮನುಷ್ಯ ಸದ್ದಿಲ್ಲದೆ ಎದ್ದು ಮನೆಗೆ ಹೋದ. ಅವನ ಕೊಟ್ಟಿಗೆಯಲ್ಲಿ ಹಸು ಈಯುತ್ತಿತ್ತಂತೆ. ಮೂಲೆ ಒಡೆಯಿತು. ಅವನು ಮಾರ್ಲಿಸ್‌ಳ ತಮ್ಮ, ನನ್ನ ಖಾಸಾ ಬಾಮೈದ. ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ಡಿಸೆಂಬರ್ 1

ಹನ್ನೊಂದು ಮನೆಗೆ ಫೋನ್. ಹತ್ತು ಕಡೆ ಇಲ್ಲ. ಹನ್ನೊಂದನೆಯದು ರಾಂಗ್ ನಂಬರ್, ಅವನೊಬ್ಬನೇ ಪ್ರೀತಿಯಿಂದ ಮಾತಾಡಿದ.

ಡಿಸೆಂಬರ್ 6

ಇವತ್ತಿನ ಮಾನ ಹೋದ ಕಥೆ ಬರೆದಿಡಬೇಕು.

ಟೆಸ್ಮರ್ ಕರಪತ್ರ ಹಂಚಲು ನನ್ನ ಹಳೇ ದಾರಿಯಲ್ಲೇ ಹೊರಟೆ. ಹಿಮ ಸಣ್ಣಗೆ ಬೀಳುತ್ತಿತ್ತು, ಗಾಡಿ ಬೆಚ್ಚಗಿತ್ತು, ರೇಡಿಯೋ ಹಾಡುತ್ತಿತ್ತು. ಎಷ್ಟು ಆರಾಮವಾಗಿ ಕೆಲಸ ಸಾಗಿತೆಂದರೆ ಇಪ್ಪತ್ಮೂರನೇ ಮನೆಯ ಡಬ್ಬಿ ತೆರೆದಾಗಲೇ ನನಗೆ ಎಚ್ಚರವಾಗಿದ್ದು. ಸ್ಟಾಂಪ್ ಇಲ್ಲದ ಕಾಗದವನ್ನು ಅಂಚೆ ಡಬ್ಬಿಗೆ ಹಾಕುವುದು ಅಪರಾಧ! ಮೂವತ್ತೊಂದು ವರ್ಷ ಇಂಥ ಕರಪತ್ರಗಳನ್ನು ಡಬ್ಬಿಯಿಂದ ಕಿತ್ತು ತಂದು ವರದಿ ಮಾಡಿದವನು ನಾನೇ. ಕೈ ತನ್ನ ಪಾಡಿಗೆ ತಾನು ಇಪ್ಪತ್ತೆರಡು ಡಬ್ಬಿ ತುಂಬಿಸಿತ್ತು.

ತಿರುಗಿ ಹೋದೆ. ಈಗ ನಾನು ಅಂಚೆಯವನಲ್ಲ, ಬೇರೆಯವರ ಡಬ್ಬಿಗೆ ಕೈ ಹಾಕುವಂತೆಯೂ ಇಲ್ಲ. ಹಾಗಾಗಿ ಪ್ರತಿ ಮನೆಯ ಬಾಗಿಲು ಬಡಿದು, "ನಿಮ್ಮ ಡಬ್ಬೀಲಿ ನಾನು ಒಂದು ತಪ್ಪು ಮಾಡಿದೀನಿ, ತೆಗೆಯೋಕೆ ಅಪ್ಪಣೆ ಕೊಡಿ" ಎಂದು ಕೇಳಬೇಕಾಯಿತು. ಇಪ್ಪತ್ತೆರಡು ಬಾಗಿಲು. ಕೆಲವರ ಮನೆಗೆ ಮೂವತ್ತು ವರ್ಷ ಕಾಗದ ಕೊಟ್ಟಿದ್ದರೂ ಅವರ ಹಜಾರ ನೋಡಿದ್ದು ಇವತ್ತೇ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕವರು ಕಾಫಿ ಕೊಟ್ಟರು, ಕಾಫಿ ಕೊಟ್ಟವರು ಆ ಕಾಗದದಲ್ಲಿ ಏನಿದೆ ಎಂದು ಕೇಳಿದರು. ಐದು ಜನ ಬರುತ್ತೇವೆ ಎಂದು ಸಹಿ ಹಾಕಿದರು. ಯೆಸೆನಿಯಾಗೆ ಫೋನ್ ಮಾಡಿ ಹೇಳಿದೆ. "ಈ ಉಪಾಯ ಬೇರೆಯವರಿಗೂ ಹೇಳ್ಕೊಡ್ಲಾ?" ಎಂದಳು. ಉಪಾಯವಂತೆ! ನಾಚಿಕೆಯಿಂದ ಕಿವಿ ಇನ್ನೂ ಬಿಸಿಯಾಗಿದೆ.

ಡಿಸೆಂಬರ್ 19

ಪಟ್ಟಿಯಲ್ಲಿ ಒಂಬತ್ತು ಹೆಸರು. ನಮ್ಮ ಅಂಗಳದಲ್ಲಿ ಈಗ ಎರಡು ಫಲಕ, ಅವಳ ಪ್ರೆಸ್ಕಾಟ್, ನನ್ನ ಟೆಸ್ಮರ್. ಹಿಮ ತೆಗೆಯುವಾಗ ಅವಳ ಫಲಕದ ಮೇಲೆ ಸ್ವಲ್ಪ ಜಾಸ್ತಿ ಬಿದ್ದಿದ್ದು ಆಕಸ್ಮಿಕ.

"ಆಕಸ್ಮಿಕ ಅಂತೆ! ಗವರ್ನರ್ ಮೂಗಿನವರೆಗೂ ಮುಚ್ಚಿದೀಯಲ್ಲೋ" ಎಂದಳು. "ನಿನ್ನ ಮೂಲೆ ಒಡೆಯುತ್ತೆ ನೋಡ್ತಿರು. ನಿನ್ನ ಜನ ನಮ್ಮ ಕಡೆ ಬಂದ್ರೆ ನಮಗೆ ಎರಡರ ಬದಲು ಮೂರು ಪ್ರತಿನಿಧಿ. ನಾನು ಆಗಲೇ ಎಣಿಸಿಟ್ಟಿದೀನಿ."

ಬಾರಿ ಬಾರಿಗೂ ಇವಳ ಲೆಕ್ಕ ಸರಿಯಾಗಿಯೇ ಇರುತ್ತದೆ, ಅದೇ ಸಿಟ್ಟು.

ಡಿಸೆಂಬರ್ 25

ಕಾರ್ಲಾ, ಅಳಿಯ, ಟಿಲ್ಲಿ ಬಂದಿದ್ದರು. ಹ್ಯಾಮ್ ಚೆನ್ನಾಗಿತ್ತು. ಮಾರ್ಲಿಸ್ ಎಂದಿನಂತೆ ಒಂದು ತಟ್ಟೆ ಕಟ್ಟಿಕೊಂಡು ಒಬ್ಬಳೇ ತಮ್ಮನ ಮನೆಗೆ ಹೋಗಿ ಬಂದಳು. ಟಿಲ್ಲಿ, "ಡ್ವೇನ್ ಅಜ್ಜ ಯಾಕೆ ನಮ್ಮನೆಗೆ ಬರಲ್ಲ?" ಎಂದಳು. ಹೆಸರು ಮಗು ಹೇಳಿದ್ದು, ನಾನು ಬರೆದದ್ದಲ್ಲ. ಹಸುಗಳನ್ನು ನೋಡಿಕೊಳ್ಳಬೇಕಲ್ಲ ಎಂದೆ. "ಎಂಟು ವರ್ಷದಿಂದ ಒಂದೇ ಸಮ ನೋಡ್ಕೊಳ್ತಿದಾನೆ" ಎಂದು ಮಾರ್ಲಿಸ್ ಪಾತ್ರೆ ಉಜ್ಜುತ್ತಾ ಗೊಣಗಿದಳು. ಕೇಳಿಸದವನಂತೆ ಇದ್ದೆ.

ಜನವರಿ 8

ಸಮೀಕ್ಷೆ ಬಂದಿದೆ. ಟೆಸ್ಮರ್‌ಗೆ ರಾಜ್ಯದಲ್ಲಿ ನೂರಕ್ಕೆ ಮೂರು. ಟೀವಿಯವರು ಅವರ ಹೆಸರನ್ನು ಹೇಳುವುದನ್ನೇ ಬಿಟ್ಟಿದ್ದಾರೆ.

ಯೆಸೆನಿಯಾ ಬಂದು ಕೋಟು ಕೂಡ ಬಿಚ್ಚದೆ ಕೂತಳು. "ನಿಜ ಹೇಳ್ಬಿಡ್ತೀನಿ. ಗೆಲ್ಲೋದು ಆಗದ ಮಾತು."

"ಹಾಗಾದ್ರೆ ನಾವು ಯಾಕೆ ಒದ್ದಾಡ್ತಿದೀವಿ?"

"ನೋಡಿ, ನವೆಂಬರ್ ಚುನಾವಣೆ ಹೊತ್ತಿಗೆ ಇರೋದು ಎರಡೇ ಹೆಸರು. ನಮ್ಮ ಪಕ್ಷದ್ದೊಂದು, ಆ ಕಡೆ ರಿಪಬ್ಲಿಕನ್ ಪಕ್ಷದ್ದೊಂದು. ಆಗ ನಿಮ್ಮ ಹೆರಿಗೆ ವಾರ್ಡ್ ಮಾತು ಯಾರೂ ಕೇಳಲ್ಲ. ಕೇಳಿಸ್ಬೇಕು ಅಂದ್ರೆ ಈಗಲೇ ಒಳಗೆ ಒಂದು ಕುರ್ಚಿ ಹಿಡೀಬೇಕು. ನಿಮ್ಮ ಮೂಲೆ ಉಳಿದ್ರೆ ಮಾರ್ಚ್‌ನಲ್ಲಿ ಕೌಂಟಿ ಸಮಾವೇಶಕ್ಕೆ ಒಬ್ಬ ಪ್ರತಿನಿಧಿ ಹೋಗ್ತಾನೆ. ಅಲ್ಲಿ ನಿಂತು ಠರಾವು ಮಂಡಿಸಬಹುದು. ಅಲ್ಲಿಂದ ಅದು ಮೇಲಕ್ಕೆ ಹೋಗುತ್ತೆ. ಸೆನೆಟರ್ ಸೋತರೂ ಆ ಕುರ್ಚಿ ನಿಮ್ಮದೇ."

ಆ ಕುರ್ಚಿ ನನಗೆ ಬೇಕು. ಕಾರ್ಲಾ ಮತ್ತೆ ಬಸುರಿ, ಜೂನ್‌ಗೆ ದಿನ ತುಂಬುತ್ತದೆ. ಐವತ್ತೆಂಟು ಮೈಲಿ ಅಷ್ಟೇ ಇದೆ. ಜೂನ್‌ನೊಳಗೆ ವಾರ್ಡ್ ತೆರೆಯುವುದಿಲ್ಲವೆಂದು ನನಗೂ ಗೊತ್ತು, ಆದರೆ ಯಾರಾದರೂ ಎಲ್ಲಾದರೂ ಒಂದು ಕಡೆ ಶುರು ಮಾಡಬೇಕಲ್ಲ.

ಪಟ್ಟಿಯಲ್ಲಿ ಹನ್ನೆರಡು ಇದ್ದೇವೆ. ತೊಂಬತ್ತು ಜನ ಬಂದರೆ ಹದಿನಾಲ್ಕು ಬೇಕು.

ಜನವರಿ 16

ಬಾಮೈದನ ಮನೆಯ ಡಬ್ಬಿ, ಸಂಖ್ಯೆ 1187ರ ಎದುರು ಗಾಡಿ ನಿಲ್ಲಿಸಿಕೊಂಡು ಇಪ್ಪತ್ತು ನಿಮಿಷ ಕೂತಿದ್ದೆ. ಜಗಳವಾದ ಮೇಲೂ ಏಳು ವರ್ಷ ಈ ಡಬ್ಬಿಗೆ ಕಾಗದ ಹಾಕಿದ್ದೇನೆ, ಒಂದು ದಿನವೂ ತಲೆಯೆತ್ತಿ ಮನೆ ಕಡೆ ನೋಡಿಲ್ಲ. ಆ ರಾತ್ರಿಯಾಗಿ ತಿಂಗಳಿಗೆ ಇದೇ ಡಬ್ಬಿಗೆ ರಿಪಬ್ಲಿಕನ್ ಪಕ್ಷದ ಕರಪತ್ರಗಳು ಬರತೊಡಗಿದವು. ಸಿಟ್ಟಿನಲ್ಲಿ ಪಕ್ಷವನ್ನೇ ಬದಲಿಸಿದ್ದ. ಆ ಕರಪತ್ರಗಳನ್ನು ಹಾಕಿದ್ದೂ ನಾನೇ.

ಅವನೇ ದಾರಿಗೆ ಬಂದು ಕಿಟಕಿ ತಟ್ಟಿದ. ಗಡ್ಡ ಬೆಳ್ಳಗಾಗಿದೆ.

"ನಿವೃತ್ತಿ ಆದ್ಮೇಲೂ ಬರ್ತೀಯಲ್ಲ. ಏನು, ಕಾಗದ ಇದ್ಯಾ?"

"ಇಲ್ಲ."

"ಮತ್ತೆ?"

ಕಾಕಸ್‌ಗೆ ಬಾ ಎನ್ನಲು ಹೋಗಿದ್ದೆ. "ನಿನ್ನ ಡಬ್ಬಿ ಕಂಬ ವಾಲಿದೆ. ಹಿಮ ತೆಗೆಯೋ ಲಾರಿ ಹೊಡ್ಕೊಂಡು ಹೋಗುತ್ತೆ" ಎಂದೆ.

"ಹತ್ತು ವರ್ಷದಿಂದ ವಾಲಿದೆ" ಎಂದು ಒಳಗೆ ಹೋದ. ನಾನು ಮನೆಗೆ ಬಂದೆ. ತಪ್ಪು ಅವನದೇ, ನಾನು ಯಾಕೆ ಮೊದಲು ಮಾತಾಡಬೇಕು? ಹದಿಮೂರು ಜನ ಇಡೀ ಚಳಿಗಾಲ ದುಡಿದಿದ್ದೆವು. ಆವತ್ತು ಹಾಲ್‌ನಲ್ಲಿ ಬಾಗಿಲವರೆಗೂ ಅವನ ಹಿಂದೆ ಹೋಗಿ, "ಒಂದು ಹಸುವಿಗೋಸ್ಕರ ಹದಿಮೂರು ಜನರ ಮೂಲೆ ಒಡೆದ್ಯಲ್ಲೋ!" ಎಂದು ಕೂಗಿದ್ದು ಇಡೀ ಊರಿಗೆ ಕೇಳಿಸಿತ್ತು. ಕೇಳಿಸಲಿ ಎಂದೇ ಕೂಗಿದ್ದೆ.

ಜನವರಿ 24

ಸಲಿಕೆ, ಹಾರೆ ತೆಗೆದುಕೊಂಡು ಹೋದೆ. ನೆಲ ಕಲ್ಲಾಗಿತ್ತು. ಬಿಸಿನೀರು ಹೊಯ್ದು ಹೊಯ್ದು ಅಗೆದು ಕಂಬವನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕೈ ಮರಗಟ್ಟಿತ್ತು. ಬಿಸಿನೀರು ಒಳಗಿನಿಂದ ಹೊತ್ತು ತಂದವನು ಅವನೇ, ಮೂರು ಬಕೆಟ್.

ಆಮೇಲೆ ಕೊಟ್ಟಿಗೆಯಲ್ಲಿ ಬೆಚ್ಚಗೆ ನಿಂತೆವು. ಏನು ಕೇಳಬೇಕೆಂದು ಹೋಗಿದ್ದೆನೋ ಅದರ ಬದಲು ಬೇರೆಯದೇ ಬಾಯಿಗೆ ಬಂತು.

"ಆವತ್ತಿನ ಹಸು ಏನಾಯ್ತು?"

ಅವನು ನನ್ನ ಮುಖ ನೋಡಿದ. "ಎಂಟು ವರ್ಷಕ್ಕೆ ಕೇಳ್ತಾ ಇದೀಯ."

"ಹೂಂ."

"ಚೊಚ್ಚಲ ಕಡಸು ಅದು. ಕರು ಅಡ್ಡ ಬಂದಿತ್ತು. ನಾನು ಹೋಗೋದು ತಡ ಆಯ್ತು. ಎರಡೂ ಹೋದವು." ಕಾಲಿನಿಂದ ಹುಲ್ಲು ಸರಿಸುತ್ತಾ ಹೇಳಿದ, "ನಿಮ್ಮ ಮೂಲೆಗೋಸ್ಕರ ಅರ್ಧ ಗಂಟೆ ಜಾಸ್ತಿ ನಿಂತಿದ್ದೆ ಲೋವೆಲ್. ಅದಕ್ಕೇ ತಡ ಆಗಿದ್ದು."

ಕ್ಷಮಿಸು ಎಂದೆ. ಎಷ್ಟು ಸಣ್ಣ ಮಾತು ಅದು, ಕೊಟ್ಟಿಗೆಯಲ್ಲಿ ಹಸುಗಳ ಉಸಿರಿನ ಸದ್ದೇ ಅದಕ್ಕಿಂತ ದೊಡ್ಡದಾಗಿತ್ತು. ಅವನು ಜೇಬಿನಿಂದ ಫೋನ್ ತೆಗೆದು ತೋರಿಸಿದ. ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿದ್ದಾನೆ, ಎಲ್ಲಿದ್ದರೂ ಹಸುಗಳು ಕಾಣುತ್ತವೆ. "ಆ ವರ್ಷಾನೇ ಹಾಕಿಸ್ದೆ" ಎಂದ.

ಆಮೇಲೆ ಕೇಳಿದೆ. ಬಾ, ನನ್ನ ಮೂಲೆಗೆ ಇನ್ನೂ ಇಬ್ಬರು ಬೇಕು, ಟಿಲ್ಲಿಯಂಥ ಮಕ್ಕಳಿಗಾಗಿ ಬಾ ಎಂದು. ಬಾಗಿಲಲ್ಲೇ ಪಕ್ಷ ಬದಲಿಸಿಕೊಳ್ಳುವ ಅರ್ಜಿ ಇರುತ್ತದೆ, ಒಂದು ಸಂಜೆಯ ಮಟ್ಟಿಗೆ ನಮ್ಮವನಾಗು ಎಂದೆ.

"ನೋಡೋಣ" ಎಂದ ಡ್ವೇನ್.

ಫೆಬ್ರವರಿ 1, ಬೆಳಿಗ್ಗೆ

ಹಿಮ ಬೀಳುತ್ತಿಲ್ಲ. ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ, ಜಾಸ್ತಿ ಜನ ಬಂದರೆ ಜಾಸ್ತಿ ತಲೆ ಬೇಕು. ಮಾರ್ಲಿಸ್ ಮೂರು ಟ್ರೇ ಕುಕೀಸ್ ಬೇಯಿಸಿದ್ದಾಳೆ. ಒಂದು ತಿನ್ನಲು ಹೋದರೆ, "ಅವು ಪ್ರೆಸ್ಕಾಟ್ ಮೂಲೇಗೆ" ಎಂದು ಕೈ ಮೇಲೆ ಹೊಡೆದಳು.

ಫೆಬ್ರವರಿ 2

ಎಲ್ಲಾ ಬರೆಯುತ್ತೇನೆ, ಒಂದೂ ಬಿಡುವುದಿಲ್ಲ.

ಶಾಲೆಯಲ್ಲಿ ಎಂದಿನಂತೆ ಊಟದ ಕೋಣೆ ರಿಪಬ್ಲಿಕನ್ನರಿಗೆ, ವ್ಯಾಯಾಮದ ಹಾಲ್ ನಮಗೆ. ಅವರದು ಸುಲಭ. ಚೀಟಿ ಮೇಲೆ ಹೆಸರು ಬರೆದು ಟೋಪಿಗೆ ಹಾಕಿ ಕಾಫಿ ಕುಡಿಯುತ್ತಾರೆ. ಏಳು ಗಂಟೆಗೆ ಐದು ನಿಮಿಷ ಇರುವಾಗಲೂ ಡ್ವೇನ್ ಇರಲಿಲ್ಲ. ಮತಗಟ್ಟೆಯ ಅಧ್ಯಕ್ಷೆ ಗ್ಲೆಂಡಾ ಗಡಿಯಾರ ನೋಡುತ್ತಾ ಬಾಗಿಲ ಹಿಡಿ ಮೇಲೆ ಕೈ ಇಟ್ಟಿದ್ದಳು. ಆಗ ಸಾಲಿನ ತುದಿಯಲ್ಲಿ ಹಸಿರು ಟೋಪಿ ಕಂಡಿತು. ಹೊರಗೆ ನಿಂತಿದ್ದ ಅವನ ಗೆಳೆಯ ವರ್ನ್ ಕೂಗಿದ, "ಡ್ವೇನ್, ದಾರಿ ತಪ್ಪಿದ್ಯಲ್ಲೋ! ನಮ್ಮ ಕೋಣೆ ಆ ಕಡೆ!" ಅವನು ಕೇಳಿಸದವನಂತೆ ಅರ್ಜಿ ತುಂಬಿ ಸಹಿ ಹಾಕಿ ಒಳಗೆ ಬಂದ. ಬಂದವನು ನನ್ನ ಮೂಲೆಗೆ ಬರಲಿಲ್ಲ. ಇನ್ನೂ ತೀರ್ಮಾನಿಸದವರ ಬೆಂಚಿನ ಮೇಲೆ ಹೋಗಿ ಕೂತ.

ಒಟ್ಟು ತೊಂಬತ್ತೊಂದು ತಲೆ. ಬೇಕಾದ್ದು ಹದಿನಾಲ್ಕು. ಪ್ರೆಸ್ಕಾಟ್ ಮೂಲೆಯಲ್ಲಿ ನಲವತ್ತೊಂದು, ಸೆನೆಟರ್ ಲಾಂಗ್‌ಫರ್ಡ್ ಮೂಲೆಯಲ್ಲಿ ಮೂವತ್ತೆರಡು, ತೀರ್ಮಾನಿಸದವರು ಆರು, ನಾವು ಹನ್ನೆರಡು. ಮಾರ್ಲಿಸ್ ಹಾಲ್‌ನ ಆ ತುದಿಯಿಂದಲೇ ಮೂರು ಬೆರಳು ಎತ್ತಿ ತೋರಿಸಿದಳು. ಮೂರು ಪ್ರತಿನಿಧಿ ಎಂದು. ನಾನು ಮುಖ ತಿರುಗಿಸಿದೆ.

ಇನ್ನು ಜನ ಮೂಲೆ ಬದಲಿಸಲು ಅರ್ಧ ಗಂಟೆ. ಅದಕ್ಕೂ ಮೊದಲು ಮೂಲೆಗೊಂದು ನಿಮಿಷದ ಭಾಷಣ. ಯೆಸೆನಿಯಾ ಬರೆದುಕೊಟ್ಟ ಹಾಳೆ ಕೋಟಿನ ಜೇಬಿನಲ್ಲೇ ಇತ್ತು, ಕೋಟು ಗಾಡಿಯಲ್ಲಿತ್ತು. ಹಾಗೇ ನಿಂತೆ. "ನಾಲ್ಕು ವರ್ಷದ ಹಿಂದೆ ನಾನು ಅಂಚೆ ಹಂಚ್ತಾ ಹೋಗುವಾಗ ರಸ್ತೆ ಬದೀಲಿ ನನ್ನ ಮಗಳ ಕಾರು ನಿಂತಿತ್ತು" ಎಂದು ಶುರು ಮಾಡಿದೆ. "ಅಳಿಯ ಫೋನಲ್ಲಿ ಡಾಕ್ಟರ ಜೊತೆ ಅಳ್ತಾ ಇದ್ದ. ನಾನು ಹೋಗಿ ಐದು ನಿಮಿಷಕ್ಕೆ ಮಗು ಬಂತು. ಹೊದಿಸೋಕೆ ಏನೂ ಇರ್ಲಿಲ್ಲ, ನನ್ನ ಅಂಚೆ ಕೋಟಲ್ಲಿ ಸುತ್ತಿದೆ. ಆವತ್ತು ಮಗು ಉಳೀತು. ಪ್ರತಿ ಸಲ ಅಂಚೆಯವನು ಆ ದಾರೀಲಿ ಬರ್ತಾನೆ ಅಂತ ಏನು ಗ್ಯಾರಂಟಿ? ಈಗ ನಾನು ನಿವೃತ್ತ. ಮಗಳು ಮತ್ತೆ ಬಸುರಿ. ನನಗೆ ಇಬ್ಬರು ಬೇಕು. ದಯವಿಟ್ಟು ಬನ್ನಿ."

ಇಷ್ಟು ಜನರೆದುರು ದಯವಿಟ್ಟು ಎಂದಿದ್ದು ಆಮೇಲೆ ನೆನಪಾಯಿತು. ಗ್ರಂಥಾಲಯದ ಇನ್‌ಗ್ರಿಡ್ ತೀರ್ಮಾನಿಸದವರ ಬೆಂಚಿನಿಂದ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ನೇರ ನಮ್ಮ ಮೂಲೆಗೆ ನಡೆದಳು. ಹದಿಮೂರು.

ನಾನು ಡ್ವೇನ್ ಎದುರು ಹೋಗಿ ನಿಂತೆ. "ಬರ್ತೀಯಾ?"

ಅವನು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. "ಆ ಸಲ ನೀನು ಕಿರುಚಿದೆ. ಈ ಸಲ ಕೇಳ್ತಾ ಇದೀಯ. ಕೇಳಿದ್ದಿದ್ರೆ ಆ ಸಲಾನೂ ಇನ್ನೂ ಸ್ವಲ್ಪ ನಿಲ್ತಿದ್ನೇನೋ, ಹಾಳು ಸ್ವಭಾವ ನಂದು" ಎಂದು ಎದ್ದ. ಹದಿನಾಲ್ಕನೆಯವನು ನಮ್ಮ ಮೂಲೆಗೆ ಬಂದಾಗ ಇನ್‌ಗ್ರಿಡ್ ಚಪ್ಪಾಳೆ ತಟ್ಟಿದಳು. ಉಳಿದ ನಾಲ್ವರು ಲಾಂಗ್‌ಫರ್ಡ್ ಕಡೆ ಹೋದರು.

ಅಷ್ಟಕ್ಕೆ ಮುಗಿಯಿತೇ? ಲಾಂಗ್‌ಫರ್ಡ್ ಕಡೆಯವರು ತಕರಾರು ತೆಗೆದರು. ಡ್ವೇನ್ ಎಂಟು ವರ್ಷದಿಂದ ಆ ಪಕ್ಷದವನು, ಅವನ ಅರ್ಜಿ ನೋಡಬೇಕು, ಮತ್ತೆ ಎಣಿಸಬೇಕು ಎಂದರು. ಗ್ಲೆಂಡಾ ಕನ್ನಡಕ ಹುಡುಕಿದಳು, ಅರ್ಜಿಗಳ ಕಟ್ಟು ಹುಡುಕಿದಳು. ಆ ಹೊತ್ತಿಗೆ ಡ್ವೇನ್‌ನ ಜೇಬಿನಲ್ಲಿ ಫೋನ್ ಕುಂಯ್ ಎಂದಿತು.

ತೆಗೆದು ನೋಡಿದ. ಮುಖ ಬಿಳಿಚಿಕೊಂಡಿತು. ನಾನೂ ಬಗ್ಗಿ ನೋಡಿದೆ. ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕಡಸು ಮಲಗಿ ಕಾಲು ಚಾಚಿ ತಿಣುಕುತ್ತಿತ್ತು.

"ಇದೂ ಚೊಚ್ಚಲಾನೇ" ಎಂದ. "ಮುಂದಿನ ವಾರ ಅಂತ ಲೆಕ್ಕ ಹಾಕಿದ್ದೆ."

ಹದಿನಾಲ್ಕು ಜನರೂ ಆ ಫೋನ್ ಸುತ್ತ ಸೇರಿದರು. ಎಲ್ಲರಿಗೂ ಆ ಹಳೇ ಕಥೆ ಗೊತ್ತು. ಗ್ಲೆಂಡಾ ಇನ್ನೂ ಕನ್ನಡಕ ಒರೆಸುತ್ತಿದ್ದಳು. ಡ್ವೇನ್ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿದ್ದ ಭಯ ಹಸುವಿನ ಬಗ್ಗೆ ಮಾತ್ರವಾಗಿರಲಿಲ್ಲ. ಅರವತ್ತರ ಹತ್ತಿರದ ಮನುಷ್ಯ ನನಗೆ ಹೆದರಿ ನಿಂತಿದ್ದ.

"ಹೋಗು" ಎಂದೆ. "ಹೋಗು ಡ್ವೇನ್, ಮೂಲೆ ಹೋದ್ರೆ ಹೋಗ್ಲಿ. ಹಸು ನೋಡ್ಕೋ."

ಅವನು ಹೊರಡಲು ತಿರುಗಿದ. ಆಗ ಹಾಲ್‌ನ ಆ ತುದಿಯಿಂದ ಒಂದು ಧ್ವನಿ ಬಂತು, "ನಿಂತ್ಕೊಳ್ಳೋ ಅಲ್ಲೇ!"

ಮಾರ್ಲಿಸ್. ಕೋಟಿಗೆ ಗುಂಡಿ ಹಾಕಿಕೊಳ್ಳುತ್ತಾ ಹಾಲ್‌ನ ಮಧ್ಯ ನಡೆದು ಬಂದಳು. ಹುಟ್ಟಿ ಬೆಳೆದ ಕೊಟ್ಟಿಗೆ ಅದು ಅವಳಿಗೆ, ತಮ್ಮನ ಮುಖ ನೋಡಿದರೆ ಸಾಕು, ಏನಾಗಿದೆ ಎಂದು ಗೊತ್ತಾಗುತ್ತದೆ. ನನಗೆ ಒಂದು ಕ್ಷಣ ಆಸೆಯಾಯಿತು.

"ನಮ್ಮ ಮೂಲೆಗೆ ಬರ್ತೀಯಾ ಮಾರ್ಲಿಸ್?"

"ನಿನ್ನ ಮೂಲೆಗೆ ನಾನು ಸತ್ರೂ ಬರಲ್ಲ. ನಾನು ಪ್ರೆಸ್ಕಾಟ್ ಕಡೆಯೋಳು" ಎಂದಳು. "ಅಪ್ಪ ನನಗೆ ಕರು ಎಳೆಯೋದು ಕಲಿಸಿದ್ದು ಇವನು ತೊಟ್ಟಿಲಲ್ಲಿದ್ದಾಗ. ನಮ್ಮಲ್ಲಿ ನಲವತ್ತೊಂದು ಜನ ಇದಾರೆ, ಒಬ್ಬಳು ಹೋದ್ರೆ ಏನೂ ಕಮ್ಮಿ ಆಗಲ್ಲ. ಡ್ವೇನ್, ಹಗ್ಗ ಎಲ್ಲಿಟ್ಟಿದೀಯ?"

"ಹಾಲಿನ ಕೋಣೇಲಿ, ಬಾಗಿಲ ಹಿಂದೆ."

"ಇಬ್ಬರೂ ಅಲ್ಲಾಡಬೇಡಿ" ಎಂದು ಹೊರಟಳು. ಅವಳ ಮೂಲೆಯವರು ಹಿಂದಿನಿಂದ, "ಮಾರ್ಲಿಸ್, ಮೂರನೇ ಪ್ರತಿನಿಧಿ!" ಎಂದು ಗೋಳಿಟ್ಟರು. ಅವಳು ತಿರುಗಿ ನೋಡಲಿಲ್ಲ. ಶಾಲೆಯಿಂದ ತೋಟದ ಮನೆ ಎರಡೇ ಮೈಲಿ.

ಗ್ಲೆಂಡಾ ಎಣಿಸತೊಡಗಿದಳು. ಮೊದಲು ಪ್ರೆಸ್ಕಾಟ್, ನಲವತ್ತು. ಆಮೇಲೆ ಲಾಂಗ್‌ಫರ್ಡ್, ಮೂವತ್ತಾರು. ಅವರು ಮತ್ತೊಮ್ಮೆ ಎಣಿಸಿ ಎಂದರು, ಮತ್ತೊಮ್ಮೆ ಎಣಿಸಿದಳು. ನಮ್ಮ ಹದಿನಾಲ್ಕು ಜೊತೆ ಕಣ್ಣುಗಳು ಫೋನ್ ಮೇಲಿದ್ದವು. ಅಂಗೈಯಷ್ಟು ಪರದೆಯಲ್ಲಿ ಮಾರ್ಲಿಸ್ ಬಂದಳು, ಅವಳ ಒಳ್ಳೇ ಕೋಟಿನ ಮೇಲೆ ಪ್ರೆಸ್ಕಾಟ್ ಬಿಲ್ಲೆ ಹೊಳೆಯುತ್ತಿತ್ತು. ಮಂಡಿಯೂರಿದಳು, ತೋಳು ಒಳಗೆ ಹಾಕಿದಳು. ಡ್ವೇನ್ ತುಟಿ ಅಲ್ಲಾಡಿಸುತ್ತಾ, "ಕಾಲು ಸಿಗ್ತಾ ಅಕ್ಕ, ಕಾಲು ಸಿಗ್ತಾ" ಎನ್ನುತ್ತಿದ್ದ. ಊಟದ ಕೋಣೆಯಲ್ಲಿ ಕೆಲಸ ಮುಗಿಸಿದ ರಿಪಬ್ಲಿಕನ್ನರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನೆರೆದಿದ್ದರು. ವರ್ನ್ ಅಲ್ಲಿಂದಲೇ, "ಏನಾಯ್ತೋ? ಹೇಳ್ರೋ!" ಎಂದು ಕೂಗುತ್ತಿದ್ದ.

ಗ್ಲೆಂಡಾ ನಮ್ಮ ಮೂಲೆಗೆ ಬಂದಳು. ಬೆರಳಿನಿಂದ ಒಬ್ಬೊಬ್ಬರ ಭುಜ ಮುಟ್ಟುತ್ತಾ ಎಣಿಸಿದಳು. ಒಂದು, ಎರಡು, ಮೂರು. ಪರದೆಯಲ್ಲಿ ಮಾರ್ಲಿಸ್ ಹಗ್ಗ ಬಿಗಿದು ಹಿಂದಕ್ಕೆ ವಾಲಿದಳು. ಏಳು, ಎಂಟು. ಹಿಂದಕ್ಕೆ ಬಿದ್ದಳು. ಹನ್ನೊಂದು. ಒದ್ದೆಯಾದ ಕಪ್ಪು ಬಿಳಿ ಗಂಟೊಂದು ಹುಲ್ಲಿನ ಮೇಲೆ ಜಾರಿತು, ಅಲ್ಲಾಡಲಿಲ್ಲ. ಅವಳು ಅದರ ಮೂಗಿಗೆ ಹುಲ್ಲುಕಡ್ಡಿ ತುರುಕಿ ಪಕ್ಕೆ ಉಜ್ಜಿದಳು. ಹದಿಮೂರು, ನಾನು. ಕರು ತಲೆ ಕೊಡವಿತು.

"ಹದಿನಾಲ್ಕು!" ಎಂದಳು ಗ್ಲೆಂಡಾ, ಡ್ವೇನ್ ಭುಜ ಮುಟ್ಟಿ.

ನಮ್ಮ ಮೂಲೆಯಿಂದ ಎದ್ದ ಕೂಗಿಗೆ ಆ ಹಾಲ್ ನಡುಗಿದಷ್ಟು ಬಾಸ್ಕೆಟ್‌ಬಾಲ್ ಫೈನಲ್ಲಿನಲ್ಲೂ ನಡುಗಿರಲಿಕ್ಕಿಲ್ಲ. ಕರುವಿಗೆ ಕೂಗಿದೆವೋ ಪ್ರತಿನಿಧಿಗೆ ಕೂಗಿದೆವೋ, ಯಾರು ವಿಂಗಡಿಸುತ್ತಾರೆ! ಬಾಗಿಲಲ್ಲಿದ್ದ ರಿಪಬ್ಲಿಕನ್ನರೂ ಕೂಗಿದರು. ಡ್ವೇನ್ ನನ್ನನ್ನು ಎತ್ತಿ ನೆಲ ಬಿಡಿಸಿದ, ಈ ವಯಸ್ಸಿನಲ್ಲಿ. ನಾನು ಅತ್ತೆ, ಅದನ್ನೂ ಬರೆದಿಡುತ್ತೇನೆ.

ಪ್ರತಿನಿಧಿ ಯಾರು ಎಂದು ಗ್ಲೆಂಡಾ ಕೇಳಿದಾಗ ಹದಿಮೂರು ಬೆರಳು ನನ್ನ ಕಡೆ ತಿರುಗಿದವು.

ಫೆಬ್ರವರಿ 4

ಟೆಸ್ಮರ್ ಕಣದಿಂದ ಹಿಂದೆ ಸರಿದರು. ರಾಜ್ಯದಲ್ಲಿ ನೂರಕ್ಕೆ ನಾಲ್ಕು. ಯೆಸೆನಿಯಾ ಬೀಳ್ಕೊಳ್ಳಲು ಬಂದಳು, ಡ್ವೇನ್ ಕೊಟ್ಟಿಗೆಗೂ ಕರೆದುಕೊಂಡು ಹೋಗಿ ಕರು ತೋರಿಸಿದೆವು. ಹೆಣ್ಣು ಕರು. ಟಿಲ್ಲಿ ಅದಕ್ಕೆ ಸೆನೆಟರ್ ಎಂದು ಹೆಸರಿಟ್ಟಿದ್ದಾಳೆ.

ಮಾರ್ಚ್ 12

ಪುಸ್ತಕ ಎಲ್ಲಿಟ್ಟಿದ್ದೆ ಎಂದೇ ಮರೆತುಹೋಗಿತ್ತು.

ಇವತ್ತು ಕೌಂಟಿ ಸಮಾವೇಶ. ಬೆಳಿಗ್ಗೆಯೇ ಪ್ರೆಸ್ಕಾಟ್ ಕಡೆಯ ದೊಡ್ಡವರೊಬ್ಬರು ನನ್ನ ಪಕ್ಕ ಬಂದು ಕೂತರು. ನಿಮ್ಮವರು ಕಣದಲ್ಲಿಲ್ಲವಲ್ಲ, ನಮ್ಮ ಕಡೆ ಬಂದುಬಿಡಿ, ನಮಗೆ ಒಂದು ತಲೆ ಕಡಿಮೆ ಇದೆ ಎಂದರು. ಬರ್ತೀನಿ, ಹೆರಿಗೆ ವಾರ್ಡ್ ಠರಾವಿಗೆ ನಿಮ್ಮವರೆಲ್ಲ ಕೈ ಎತ್ತಬೇಕು ಎಂದೆ. ಎಲ್ಲರೂ ಕಷ್ಟ ಎಂದರು. ಹಾಗಾದ್ರೆ ಲಾಂಗ್‌ಫರ್ಡ್ ಕಡೆಯವರನ್ನು ಕೇಳಿಕೊಂಡು ಬರ್ತೀನಿ ಎಂದು ಎದ್ದೆ. ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದರು.

ಮೈಕಿನ ಮುಂದೆ ಠರಾವು ಓದಿದೆ. ನೂರಾ ಹದಿನೆಂಟು ಕೈ ಪರ, ಒಂಬತ್ತು ವಿರೋಧ. ಇನ್ನು ಅದು ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ. ಮಾರ್ಲಿಸ್ ಎರಡೂ ಕೈ ಎತ್ತಿದ್ದಳು, ಗ್ಲೆಂಡಾ ಒಂದೇ ಎಣಿಸಿದಳಂತೆ.

ಡ್ವೇನ್ ಮರುವಾರವೇ ತನ್ನ ಪಕ್ಷಕ್ಕೆ ವಾಪಸು ಹೋಗಿದ್ದಾನೆ. "ಒಂದು ಸಂಜೆಗೆ ಅಂತ ಮಾತಾಗಿತ್ತು" ಎನ್ನುತ್ತಾನೆ. ಅವರ ಸಮಾವೇಶವೂ ಇವತ್ತೇ, ಊರಾಚೆಯ ಸಂತೆ ಕಟ್ಟಡದಲ್ಲಿ. ಮೂರು ಗಂಟೆಗೆ ಅವನ ಫೋನ್ ಬಂತು.

"ಲೋವೆಲ್, ನಿನ್ನ ಠರಾವಿನ ಹಾಳೆ ನನ್ನ ಗಾಡೀಲಿ ಬಿಟ್ಟಿದ್ಯಲ್ಲ?"

"ಹೂಂ, ಏನೀಗ?"

"ನನ್ನನ್ನ ಮಾತಾಡೋಕೆ ಬಿಡ್ಲಿಲ್ಲ, ನೀನು ಆ ಕಡೆ ಹೋಗಿದ್ದೋನು ಅಂದ್ರು. ವರ್ನ್ ಕೈಲಿ ಓದಿಸ್ದೆ. ಅಂಚೆ ಕೋಟಿನ ಕಥೆ ನಾನೇ ಕೂತಲ್ಲಿಂದ ಕೂಗಿ ಹೇಳ್ದೆ."

"ಆಮೇಲೆ?"

"ಆಮೇಲೇನು, ಪಾಸು! ತೊಂಬತ್ತಾರು, ಇಪ್ಪತ್ತು. ನಿಮ್ಮವರು ಗೆಲ್ಲಲಿ, ನಮ್ಮವರು ಗೆಲ್ಲಲಿ, ಈ ಮಾತು ಎರಡು ಕಡೇನೂ ಬರೆದಿದೆ ನೋಡು."

ನಾನು ಅದನ್ನು ಹಾಲ್‌ನಲ್ಲಿ ನಿಂತು ಎಲ್ಲರಿಗೂ ಕೂಗಿ ಹೇಳಿದೆ. ಎಷ್ಟು ಜೋರಾಗಿ ಕೂಗಿದೆನೋ ಗೊತ್ತಿಲ್ಲ, ಮಾರ್ಲಿಸ್ ಕಿವಿ ಮುಚ್ಚಿಕೊಂಡಳು.

ಇನ್ನೂ ಬರೆಯುವುದು ಬೇಕಾದಷ್ಟಿದೆ, ಯಾಕೋ ಈ ನಡುವೆ ಹೊತ್ತೇ ಸಿಗುತ್ತಿಲ್ಲ. ಊಟಕ್ಕೆ ಕಾರ್ಲಾ ಮನೆಯವರು, ಇನ್‌ಗ್ರಿಡ್, ವರ್ನ್ ಎಲ್ಲ ಬಂದಿದ್ದಾರೆ. ಕೆಳಗೆ ಡ್ವೇನ್ ನನ್ನ ಕುರ್ಚಿಯಲ್ಲಿ ಕೂತು, ಹ್ಯಾಮ್ ಆರುತ್ತಿದೆ ಎಂದು ನನ್ನನ್ನು ಕೂಗುತ್ತಿದ್ದಾನೆ. ಹೋಗಬೇಕು.